ಹಿಮದ ಹೊರೆ, ಮರದ ತೊಲೆ

2006ರ ಜನವರಿ 2. ಜರ್ಮನಿಯ ಬವೇರಿಯಾ ರಾಜ್ಯದಲ್ಲಿ, ಆಲ್ಪ್ಸ್ ಪರ್ವತದ ಬುಡದಲ್ಲಿರುವ ಬಾಡ್ ರೈಖೆನ್‌ಹಾಲ್ ಎಂಬ ಊರು. ಕ್ರಿಸ್‌ಮಸ್ ರಜೆ ಇನ್ನೂ ಮುಗಿದಿರಲಿಲ್ಲ. ಊರಿನ ಐಸ್ ಸ್ಕೇಟಿಂಗ್ ಅಂಗಣದಲ್ಲಿ ಮಕ್ಕಳೂ ಅವರನ್ನು ಕರೆತಂದ ದೊಡ್ಡವರೂ ಇದ್ದರು. ಹೊರಗೆ ಹಿಮ ಬೀಳುತ್ತಲೇ ಇತ್ತು. ಹಿಮ ಹೆಚ್ಚಾಯಿತೆಂದು ಸಂಜೆಯ ಐಸ್ ಹಾಕಿ ತರಬೇತಿಯನ್ನು ರದ್ದು ಮಾಡಿದ್ದರು. ನಾಲ್ಕು ಗಂಟೆಗೆ ಎಲ್ಲರನ್ನೂ ಕಳಿಸಿ ಬಾಗಿಲು ಹಾಕುವುದಿತ್ತು. ನಾಲ್ಕಕ್ಕೆ ಕೆಲವೇ ನಿಮಿಷ ಇರುವಾಗ ಚಾವಣಿ ಕುಸಿಯಿತು. 15 ಮಂದಿ ಸತ್ತರು. ಅವರಲ್ಲಿ 12 ಮಂದಿ ಮಕ್ಕಳು ಮತ್ತು ಹದಿಹರೆಯದವರು.

ಅದೇ ತಿಂಗಳ 28ರಂದು ಪೋಲೆಂಡಿನ ಕಾಟೊವಿಟ್ಸೆ ನಗರದ ಬಳಿ ಪಂದ್ಯದ ಪಾರಿವಾಳಗಳ ಪ್ರದರ್ಶನ ನಡೆಯುತ್ತಿದ್ದ ಸಭಾಂಗಣದ ಚಾವಣಿ ಬಿದ್ದು 65 ಮಂದಿ ಸತ್ತರು. ಫೆಬ್ರವರಿ 23ರಂದು ಮಾಸ್ಕೋದ ಬಾಸ್ಮನ್ನಿ ಮಾರುಕಟ್ಟೆ ನೆಲಕಚ್ಚಿ 60ಕ್ಕೂ ಹೆಚ್ಚು ಜನ ಹೋದರು. ಎಂಟು ವಾರಗಳೊಳಗೆ ಮೂರು ದೇಶ, ಮೂರು ಸಾರ್ವಜನಿಕ ಕಟ್ಟಡ. ಮೂರರ ಮೇಲೂ ಹಿಮವಿತ್ತು. ಆದರೆ ಹಿಮವೇ ಕೆಡವಿತು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಳ್ಳಿಗೆ ತೀರ ಹತ್ತಿರದ ಮಾತು. ಏಕೆಂದರೆ ಆ ದೇಶಗಳಲ್ಲಿ ಪ್ರತಿ ಚಳಿಗಾಲವೂ ಹಿಮ ಬೀಳುತ್ತದೆ, ಅಕ್ಕಪಕ್ಕದ ಸಾವಿರಾರು ಚಾವಣಿಗಳು ಅದೇ ಹಿಮವನ್ನು ಹೊತ್ತು ನಿಂತಿದ್ದವು.

ಹಿಮದ ತೂಕವನ್ನು ಕಣ್ಣಿನಿಂದ ಅಳೆಯಲಾಗದು. ಆಗಷ್ಟೇ ಬಿದ್ದ ಹಗುರ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗಬಹುದು. ಕೆಲವು ದಿನ ಕೂತು ಒತ್ತಿಕೊಂಡ ಮೇಲೆ ಅದು 200–300 ಕಿಲೋ ಆಗುತ್ತದೆ. ನೀರು ಹೀರಿದ ಒದ್ದೆ ಹಿಮ 400 ಕಿಲೋ ದಾಟುತ್ತದೆ. ಗಟ್ಟಿ ಮಂಜುಗಡ್ಡೆಯಾದರೆ 900ಕ್ಕೂ ಹೆಚ್ಚು. ಅಂದರೆ ನಿನ್ನೆ ಒಂದು ಮೀಟರ್ ಎತ್ತರವಿದ್ದ ರಾಶಿ ಇವತ್ತು ಅರ್ಧ ಮೀಟರಿಗೆ ಇಳಿದಿದ್ದರೂ ಚಾವಣಿಯ ಮೇಲಿನ ಭಾರ ಒಂದು ಕಿಲೋ ಕೂಡ ಕಡಿಮೆಯಾಗಿರಬೇಕೆಂದಿಲ್ಲ; ಮೇಲೆ ಮಳೆ ಬಿದ್ದಿದ್ದರೆ ಹೆಚ್ಚೇ ಆಗಿರುತ್ತದೆ. ಹಿಮದ ರಾಶಿ ಆ ಮಳೆನೀರನ್ನು ಹರಿಯಗೊಡದೆ ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ.

ಎಂಜಿನಿಯರುಗಳು ಹಾಗಾಗಿ ಎತ್ತರ ಬಿಟ್ಟು ಚದರ ಮೀಟರಿಗೆ ಎಷ್ಟು ಕಿಲೋ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ದಿನವೂ ಕಾಣುವ ಮಳೆಯ ಮಿಲಿಮೀಟರ್ ಲೆಕ್ಕವೇ ಇದನ್ನು ಸುಲಭ ಮಾಡುತ್ತದೆ: ಒಂದು ಚದರ ಮೀಟರಿನ ಮೇಲೆ ನಿಂತ ಒಂದು ಮಿಲಿಮೀಟರ್ ನೀರೆಂದರೆ ಸರಿಯಾಗಿ ಒಂದು ಕಿಲೋ. ಬಾಡ್ ರೈಖೆನ್‌ಹಾಲ್ ಅಂಗಣಕ್ಕೆ ವಿನ್ಯಾಸದ ಲೆಕ್ಕದಲ್ಲಿ ಹಿಡಿದಿದ್ದ ಹಿಮಭಾರ ಚದರ ಮೀಟರಿಗೆ 150 ಕಿಲೋ. ಆಗುಂಬೆಯಲ್ಲಿ ಒಂದು ದಿನ 150 ಮಿಲಿಮೀಟರ್ ಮಳೆ ಸುರಿದು, ಅದರಲ್ಲಿ ಒಂದು ಹನಿಯೂ ಮಾಡಿನಿಂದ ಇಳಿಯದೆ ಮೇಲೆಯೇ ನಿಂತರೆ ಎಷ್ಟೋ ಅಷ್ಟು. ಆ ಕಟ್ಟಡದ ಮುಖ್ಯ ತೊಲೆಗಳು 48 ಮೀಟರ್ ಉದ್ದ, ಎರಡು ತೊಲೆಗಳ ನಡುವೆ 7.5 ಮೀಟರ್ ಅಂತರ. ಗುಣಿಸಿ ನೋಡಿದರೆ ಒಂದೊಂದು ತೊಲೆಯ ಪಾಲಿಗೆ 54 ಟನ್ ಹಿಮ ಬರುತ್ತದೆ. ಕುಸಿದ ದಿನ ಮೇಲಿದ್ದ ಭಾರ ಲೆಕ್ಕದಲ್ಲಿ ಹಿಡಿದಿದ್ದರ ಆಸುಪಾಸಿನಲ್ಲೇ ಇತ್ತು. ಸುರಕ್ಷತೆಗೆಂದು ಹೆಚ್ಚುವರಿ ಬಲ ಇಟ್ಟೇ ತೊಲೆಗಳನ್ನು ರಚಿಸುವುದರಿಂದ, ಸರಿಯಾದ ಚಾವಣಿ ಅಷ್ಟನ್ನು ಹೊರಲೇಬೇಕಿತ್ತು.

ಆ ಹೆಚ್ಚುವರಿ ಬಲ ಎಲ್ಲಿ ಹೋಯಿತು? ಕಟ್ಟಡ ಕಟ್ಟಿದ್ದು 1970ರ ದಶಕದ ಆರಂಭದಲ್ಲಿ. ತೊಲೆಗಳು ಇಡೀ ಮರದ ದಿಮ್ಮಿಗಳಲ್ಲ. ಹಲಗೆಗಳನ್ನು ಅಂಟಿನಿಂದ ಕೂಡಿಸಿ ಮಾಡಿದ ಉದ್ದನೆಯ ಟೊಳ್ಳು ಪೆಟ್ಟಿಗೆಗಳು. ಈ ಬಗೆಯ ತೊಲೆಗೆ ಅನುಮತಿ ಇದ್ದದ್ದು 1.2 ಮೀಟರ್ ಎತ್ತರದವರೆಗೆ ಮಾತ್ರ. ಇಲ್ಲಿ ಕಟ್ಟಿದ್ದು 2.87 ಮೀಟರ್. ಅದಕ್ಕೆ ಬೇಕಾದ ವಿಶೇಷ ಅನುಮತಿಯನ್ನು ಯಾರೂ ಪಡೆದಿರಲಿಲ್ಲ. ಜೋಡಿಸಲು ಬಳಸಿದ್ದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಅಗ್ಗದ್ದು, ಒಣ ಜಾಗದಲ್ಲಿ ಚೆನ್ನಾಗಿ ಹಿಡಿಯುತ್ತದೆ. ತೇವಕ್ಕೆ ಆಗದು.

ಮುಚ್ಚಿದ ಚಾವಣಿಯ ಕೆಳಗೆ ತೇವ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಈ ದುರಂತದ ವಿಜ್ಞಾನವೆಲ್ಲ ಇರುವುದು ಇಲ್ಲಿಯೇ. ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳಾಗಿ ಶಾಖವನ್ನು ಸೂಸುತ್ತಿರುತ್ತದೆ, ಎದುರಿನ ವಸ್ತುವಿನಿಂದ ಪಡೆಯುತ್ತಲೂ ಇರುತ್ತದೆ. ಸ್ಕೇಟಿಂಗ್ ಅಂಗಣದ ತೊಲೆಗಳಿಗೆ ಎದುರಾಗಿರುವುದು ವಿಶಾಲವಾದ ಮಂಜುಗಡ್ಡೆಯ ನೆಲ. ತೊಲೆ ಕೊಟ್ಟಷ್ಟು ಶಾಖ ಅಲ್ಲಿಂದ ಮರಳಿ ಬರುವುದಿಲ್ಲ. ಹೀಗೆ ಮರದ ಕೆಳಮೈ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಜನರ ಉಸಿರಿನಿಂದ, ಮಂಜುಗಡ್ಡೆಯನ್ನು ನಯಗೊಳಿಸಲು ಹರಿಸುವ ನೀರಿನಿಂದ ಗಾಳಿಗೆ ಸೇರಿದ ತೇವ ಆ ತಣ್ಣನೆಯ ಮರದ ಮೇಲೆ ಹನಿಗಟ್ಟುತ್ತದೆ. ವರ್ಷ ವರ್ಷವೂ ಹೀಗೇ ನೆನೆದು, ಒಣಗಿ, ಮತ್ತೆ ನೆನೆದು, ಮೂರು ದಶಕಗಳಲ್ಲಿ ಅಂಟು ತನ್ನ ಹಿಡಿತ ಕಳೆದುಕೊಂಡಿತು. ಹೊರಗಿನಿಂದ ನೋಡಿದರೆ ಮರ ಮರವಾಗಿಯೇ ಇತ್ತು. ಕುಸಿಯುವುದಕ್ಕೆ ಮೂರು ವರ್ಷ ಮುಂಚೆ ಕಟ್ಟಡವನ್ನು ಪರಿಶೀಲಿಸಿದಾಗಲೂ ಚಾವಣಿ ಚೆನ್ನಾಗಿದೆ ಎಂಬ ಮಾತೇ ಬಂದಿತ್ತು. ತೊಲೆಗಳ ಬಳಿಗೆ ಏರಿ, ಮುಟ್ಟಿ ನೋಡಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನೊಂದು ಅಂಶ. ತೊಲೆಗಳನ್ನು ಅಡ್ಡಪಟ್ಟಿಗಳಿಂದ ಬಿಗಿಯಾಗಿ ಬೆಸೆದಿದ್ದರು. ಒಂದು ಸೋತಾಗ ಅದರ ಹೊರೆ ಪಕ್ಕದ ತೊಲೆಗೆ ದಾಟಿತು. ಅದೂ ಒಳಗೊಳಗೇ ಸೊರಗಿದ್ದರಿಂದ ಮುರಿಯಿತು. ಹೀಗೆ ಸಾಲಿಗೆ ಸಾಲೇ ಹೋಯಿತು. ಆರೋಗ್ಯವಂತ ಚಾವಣಿಯಲ್ಲಿ ಆಸರೆಯಾಗುವ ಜೋಡಣೆ ದುರ್ಬಲ ಚಾವಣಿಯಲ್ಲಿ ಸಾವನ್ನು ಹರಡುವ ದಾರಿಯಾಗುತ್ತದೆ.

ಕಾಟೊವಿಟ್ಸೆಯ ಕಟ್ಟಡ ಹಳೆಯದೇನಲ್ಲ, ಆರೇ ವರ್ಷದ್ದು, ಉಕ್ಕಿನದು. ಅಲ್ಲಿ ದೋಷ ಇದ್ದದ್ದು ವಿನ್ಯಾಸದಲ್ಲಿ. 2002ರ ಚಳಿಗಾಲದಲ್ಲೇ ಹಿಮದ ಭಾರಕ್ಕೆ ಚಾವಣಿ ಬಾಗಿತ್ತು. ದುರಸ್ತಿ ಆಯಿತು, ಮೂಲದ ತಪ್ಪು ಉಳಿಯಿತು. 2006ರಲ್ಲಿ ಮತ್ತೆ ಹಿಮ, ಅದರ ಕೆಳಗೆ ಹೆಪ್ಪುಗಟ್ಟಿದ ಪದರ. ತೆಗೆಸಿರಲಿಲ್ಲ. ಸಮತಟ್ಟಾದ ದೊಡ್ಡ ಚಾವಣಿಗಳಲ್ಲಿ ಇದು ಸದಾ ಇರುವ ಅಪಾಯ: ಸ್ವಲ್ಪ ಬಾಗಿದ ಕಡೆ ಕರಗಿದ ನೀರು ಸೇರುತ್ತದೆ, ನೀರಿನ ಭಾರಕ್ಕೆ ಇನ್ನಷ್ಟು ಬಾಗುತ್ತದೆ, ಆಗ ಇನ್ನಷ್ಟು ನೀರು. ಗಾಳಿ ಬೀಸಿದರೆ ಎತ್ತರದ ಗೋಡೆಯ ಮರೆಯಲ್ಲಿ ಹಿಮ ದಿಬ್ಬಗಟ್ಟಿ ಒಂದೇ ಮೂಲೆಯ ಮೇಲೆ ಹಲವು ಪಟ್ಟು ಭಾರ ಕೂರುತ್ತದೆ.

ಚಾವಣಿ ಬಾಗಿ ಕೊಟ್ಟ ಎಚ್ಚರಿಕೆಯನ್ನು ಕಡೆಗಣಿಸಿದ್ದು ಕಾಟೊವಿಟ್ಸೆಯಲ್ಲೇ ಮೊದಲಲ್ಲ. ಅಮೆರಿಕದ ಹಾರ್ಟ್‌ಫರ್ಡ್ ನಗರದ ಕ್ರೀಡಾಂಗಣದ ಚಾವಣಿಯನ್ನು ಕಂಪ್ಯೂಟರ್ ಲೆಕ್ಕದಿಂದ ರೂಪಿಸಿದ್ದರು. ಕಟ್ಟುವಾಗಲೇ ಅದು ಲೆಕ್ಕಕ್ಕಿಂತ ಎರಡು ಪಟ್ಟು ಬಾಗಿದ್ದು ಅಳತೆಯಲ್ಲಿ ಕಂಡಿತು. ಕಂಡ ಅಳತೆಯನ್ನು ಬಿಟ್ಟು ಕಂಪ್ಯೂಟರಿನ ಲೆಕ್ಕವನ್ನೇ ನಂಬಿದರು. 1978ರ ಜನವರಿ 18ರ ನಸುಕಿನಲ್ಲಿ, ಹಿಮ ಹೊತ್ತ ಸುಮಾರು 1,400 ಟನ್ ಚಾವಣಿ ಖಾಲಿ ಆಸನಗಳ ಮೇಲೆ ಬಿತ್ತು. ಕೆಲವೇ ಗಂಟೆ ಮುಂಚೆ ಅಲ್ಲಿ ಸುಮಾರು 5,000 ಜನ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದರು.

2006ರ ಸಾವುಗಳು ಕಾನೂನನ್ನು ಬದಲಿಸಿದವು. ಪೋಲೆಂಡಿನಲ್ಲಿ ಈಗ 2,000 ಚದರ ಮೀಟರ್ ಮೀರಿ ನೆಲ ಆಕ್ರಮಿಸಿದ ಅಥವಾ 1,000 ಚದರ ಮೀಟರ್ ಮೀರಿದ ಚಾವಣಿ ಇರುವ ಕಟ್ಟಡಗಳನ್ನು ವರ್ಷಕ್ಕೆ ಎರಡು ಬಾರಿ, ಮೇ ಮತ್ತು ನವೆಂಬರ್ ಮುಗಿಯುವುದರೊಳಗೆ, ಪರಿಶೀಲಿಸಲೇಬೇಕು. ಚಳಿಗಾಲ ಬರುವ ಮುನ್ನ ಒಮ್ಮೆ, ಹೋದ ಮೇಲೆ ಒಮ್ಮೆ. ಜರ್ಮನಿಯ ಎಂಜಿನಿಯರುಗಳ ಸಂಘ 2010ರಲ್ಲಿ ಕಟ್ಟಡಗಳ ನಿಯಮಿತ ತಪಾಸಣೆಗೆ ಮಾರ್ಗಸೂಚಿ ಹೊರಡಿಸಿತು. ಕಟ್ಟಡ ಬಿದ್ದರೆ ಎಷ್ಟು ಜೀವಹಾನಿ ಆದೀತು ಎಂಬುದರ ಮೇಲೆ ಅದನ್ನು ಎಷ್ಟು ಸಲ ನೋಡಬೇಕೆಂಬುದು ಅಲ್ಲಿ ನಿರ್ಧಾರವಾಗುತ್ತದೆ. ಇದಕ್ಕಿಂತ ನ್ಯಾಯವಾದ ಅಳತೆ ನನಗೆ ತೋಚುವುದಿಲ್ಲ.

ಹಿಮ ಬೀಳುವ ದೇಶಗಳಲ್ಲಿ ಓದಲೋ ದುಡಿಯಲೋ ನೆಲೆಸಿದ ಕನ್ನಡಿಗರು ಈಗ ಸಾವಿರ ಸಾವಿರ. ಅವರಿಗೆ, ಇಲ್ಲಿಂದ ಅವರನ್ನು ನೆನೆಯುವವರಿಗೆ ಒಂದು ಮಾತು. ಭಾರೀ ಹಿಮ ಬಿದ್ದ ದಿನ ಅಂಗಡಿಯಲ್ಲೋ ಕ್ರೀಡಾಂಗಣದಲ್ಲೋ ಇರುವಾಗ ಸರಾಗವಾಗಿದ್ದ ಬಾಗಿಲು ಬಿಗಿಯಾದರೆ, ಚಾವಣಿ ನಡುವೆ ಇಳಿಬಿದ್ದಂತೆ ಕಂಡರೆ, ಗೋಡೆಯಲ್ಲಿ ಹೊಸ ಬಿರುಕು ಮೂಡಿದರೆ, ಮೇಲಿನಿಂದ ಕಿರುಗುಟ್ಟುವ ಅಥವಾ ಟಪ್ಪೆನ್ನುವ ಸದ್ದು ಬಂದರೆ, ಕಾರಣ ವಿಚಾರಿಸುತ್ತ ನಿಲ್ಲಬೇಡಿ. ಮಕ್ಕಳನ್ನು ಕರೆದುಕೊಂಡು ಮೊದಲು ಹೊರಗೆ ಬನ್ನಿ, ಜೊತೆಗಿದ್ದವರನ್ನೂ ಹೊರಡಿಸಿ, ಆಮೇಲೆ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಹಿಮ ತೆಗೆಯಲು ನೀವೇ ಮೇಲೆ ಹತ್ತಬೇಡಿ. ಒಂದು ಬದಿಯನ್ನಷ್ಟೇ ಖಾಲಿ ಮಾಡಿದರೆ ಭಾರ ಓರೆಯಾಗಿ, ಅಲ್ಲಿಯತನಕ ನಿಂತಿದ್ದ ಚಾವಣಿಯೂ ಬೀಳಬಹುದು.