ಜೀವಶಾಸ್ತ್ರಜ್ಞರಿಗೆ ಗಣಿತಪಾಠ

ಟಿಪ್ಪುವಿನ ಪತನಾನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಆಂಗ್ಲ ಸೈನ್ಯವು ಇಲ್ಲಿಯ ಸೊಳ್ಳೆಜ್ವರಗಳಿಗೆ ಬೆದರಿ 1809ರಲ್ಲಿ ಬೆಂಗಳೂರಿಗೆ ತೆರಳಿದುದನ್ನು ವಾಚಕರು ಬಲ್ಲರು. ಚಳಿಜ್ವರದ ಕ್ರಿಮಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡವರು ರೊನಾಲ್ಡ್ ರಾಸ್. ಆ ವೈದ್ಯರೇ ಮುಂದೆ ಲೆಕ್ಕಕ್ಕೆ ಕುಳಿತರೆಂಬುದು ಅಷ್ಟು ಪ್ರಸಿದ್ಧವಲ್ಲ. ಸೊಳ್ಳೆಗಳನ್ನೆಲ್ಲ ಕೊಲ್ಲುವುದು ಅಸಾಧ್ಯ, ಆದಕಾರಣ ಸೊಳ್ಳೆನಿವಾರಣೆಯೇ ವ್ಯರ್ಥವೆಂದು ಅನೇಕರು ವಾದಿಸುತ್ತಿದ್ದರು. ರಾಸರು 1911ರ ತಮ್ಮ ಗ್ರಂಥದಲ್ಲಿ ಸಮೀಕರಣಗಳಿಂದ ಉತ್ತರವಿತ್ತರು. ಒಬ್ಬ ರೋಗಿಯಿಂದ ಸರಾಸರಿ ಒಬ್ಬನಿಗಿಂತ ಕಡಮೆ ಜನರಿಗೆ ರೋಗ ತಗಲುವಷ್ಟು ಸೊಳ್ಳೆಗಳು ಇಳಿದರೆ ಸಾಕು. 100 ರೋಗಿಗಳಿಂದ 50, ಅವರಿಂದ 25, ಹೀಗೆ ರೋಗವು ತಾನಾಗಿ ಅಳಿಯುವುದು.

ತ್ರೈರಾಶಿ ಬಲ್ಲವನಿಗೂ ಎಟಕುವ ತರ್ಕವಿದು. ಆದರೂ ಗಣಿತಕ್ಕೆ ಹೆದರಿದ ಹುಡುಗನನ್ನು ಜೀವಶಾಸ್ತ್ರಕ್ಕೆ ಕಳುಹಿಸುವ ವಾಡಿಕೆ ನಮ್ಮಲ್ಲಿ ಬೇರೂರಿದೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಆರಂಭಿಸಿದ ಪದವಿ ತರಗತಿಯಲ್ಲಿ, ಜೀವಶಾಸ್ತ್ರವನ್ನು ಆರಿಸುವವರಿಗೂ ಮೊದಲಲ್ಲಿ ಗಣಿತವನ್ನು ಕಡ್ಡಾಯಗೊಳಿಸಿದುದು ಯೋಗ್ಯವೇ ಸರಿ.

ಇತರ ಕಾಲೇಜುಗಳಲ್ಲಿ ಪಾಠವು ಸೂತ್ರದಿಂದಲ್ಲ, ವಿದ್ಯಾರ್ಥಿಯು ತಾನೇ ಎಣಿಸಿದ ಹುಳುಗಳಿಂದ ಆರಂಭವಾಗಲಿ. ಪಾಂಡವಪುರದ ನಾಲೆಯ ಬಯಲಿನ ಒಂದು ಗದ್ದೆಯಲ್ಲಿ ಸೊಳ್ಳೆಯ ಮರಿಗಳು ಇಂದು ಎಷ್ಟು, ಹುಟ್ಟಿದುವೆಷ್ಟು, ಸತ್ತುವೆಷ್ಟು, ರೆಕ್ಕೆ ಬಂದು ಹಾರಿದುವೆಷ್ಟು? ಆ ಅಂಕಿಗಳಿಂದ ವಾರದ ಮುಂದಣ ಸಂಖ್ಯೆಯನ್ನು ಬರೆದಿಟ್ಟು, ಅಂದು ಗದ್ದೆಗಿಳಿದು ತಾಳೆ ನೋಡಲಿ. ಲೆಕ್ಕ ತಪ್ಪಿದರೆ ಇನ್ನೂ ಒಳ್ಳೆಯದು. ಎಣಿಸದೆ ಬಿಟ್ಟುದೇನೆಂದು ಆಗಲೇ ಹುಡುಕುವನು.