ಕೈಗಾರಿಕೆಗೆ ಅಣಿಯಾದ ಭೂಮಿ: ತಿಕೋಟಾ ಸೀಮೆಯ ದೃಷ್ಟಿಯಿಂದ

ಒಂದು ದೊಡ್ಡ ಕಾರಖಾನೆ ಯಾವ ಸೀಮೆಗೆ ಬರುತ್ತದೆಂಬುದು, ಅದರ ಒಡೆಯರು ಸ್ಥಳ ನೋಡಲು ಬರುವ ಮೊದಲೇ ಬಹುಮಟ್ಟಿಗೆ ನಿಶ್ಚಿತವಾಗಿರುತ್ತದೆ. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಟಾಟಾ ಸಂಸ್ಥೆಯ ಚಿಕ್ಕ ಕಾರಿನ ಕಾರಖಾನೆಗಾಗಿ 2006ರಲ್ಲಿ 997 ಎಕರೆ ಸಾಗುವಳಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಾಯಿತು. ಒಪ್ಪಿಗೆಯೀಯದ ರೈತರ ಚಳವಳಿ ಬಲಿತು, 2008ರ ಅಕ್ಟೋಬರಿನಲ್ಲಿ ಸಂಸ್ಥೆಯು ಎದ್ದು ನಿಂತ ಕಟ್ಟಡಗಳನ್ನೇ ಬಿಟ್ಟು ಹೊರಟಿತು. ಆಗ ಧಾರವಾಡದ ಹೆಸರೂ ಕೇಳಿಬಂದಿತ್ತು. ಆದರೆ ಕಾರಖಾನೆ ಹೋದದ್ದು ಗುಜರಾತದ ಸಾಣಂದಕ್ಕೆ. ಅಲ್ಲಿ ಕೃಷಿ ವಿಶ್ವವಿದ್ಯಾಲಯದ ವಶದಲ್ಲಿದ್ದ ಸರಕಾರಿ ಜಮೀನು ತಕರಾರಿಲ್ಲದೆ ದೊರೆಯಿತು. 2010ರ ಜೂನಿನಲ್ಲಿ ಕಾರಖಾನೆ ಉದ್ಘಾಟನೆಗೊಂಡಿತು. ಸಿಂಗೂರಿನ ಸ್ವಾಧೀನವನ್ನಂತೂ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ರದ್ದುಗೊಳಿಸಿತು.

ಅಣಿಯಾದ ಭೂಮಿ ಎಂದರೆ ತಂತಿಬೇಲಿ ಹಾಕಿ ಫಲಕ ನೆಟ್ಟ ಭೂಮಿಯಲ್ಲ. ನಮ್ಮ ರಾಜ್ಯದಲ್ಲಿ ಈ ಕಾರ್ಯವನ್ನು 1966ರ ಕಾಯದೆಯನ್ವಯ ಸ್ಥಾಪಿತವಾದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ನಿರ್ವಹಿಸುತ್ತದೆ. ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆಗಳ ವಿಚಾರಣೆ, ಅಂತಿಮ ಅಧಿಸೂಚನೆ, ಪರಿಹಾರ, ಭೂಮಿಯ ಹಸ್ತಾಂತರ, ಆ ಬಳಿಕ ನಕಾಶೆ, ರಸ್ತೆ, ಚರಂಡಿ, ನೀರು, ವಿದ್ಯುತ್ ಉಪಕೇಂದ್ರ, ತ್ಯಾಜ್ಯಜಲದ ಶುದ್ಧೀಕರಣ – ಇದು ಅದರ ಕ್ರಮ. ಪ್ರದೇಶವು 500 ಹೆಕ್ಟೇರುಗಳನ್ನು ಮೀರಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಅವಶ್ಯ.

ಇವೆಲ್ಲವುಗಳಲ್ಲಿ ಕಠಿಣವಾದದ್ದು ರಸ್ತೆಯಲ್ಲ, ಕಾಗದಪತ್ರ. ತಿಕೋಟಾ ಸೀಮೆಯ ಯಾವುದೇ ಹಳ್ಳಿಯ ಪಹಣಿಯನ್ನು ತೆರೆದು ನೋಡಿದರೂ ಈ ಮಾತು ಮನವರಿಕೆಯಾದೀತು. ಅಜ್ಜ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದರೂ ಜಮೀನು ಅವನ ಹೆಸರಿನಲ್ಲಿಯೇ ಇರುತ್ತದೆ. ಅಣ್ಣತಮ್ಮಂದಿರ ವಾಟ್ನಿ ಬಾಯಿಮಾತಿನಲ್ಲಿಯೇ ಮುಗಿದು ಮೋಜಣಿಯಾಗಿರುವುದಿಲ್ಲ. ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳ ಹಕ್ಕಿನ ವಿಚಾರವನ್ನು ಯಾರೂ ಎತ್ತಿರುವುದಿಲ್ಲ. ಇವುಗಳ ಮೇಲೆ ಸೊಸಾಯಿಟಿಯ ಸಾಲದ ಬೋಜಾ ಬೇರೆ. ಇಂತಹ ಸರ್ವೆ ನಂಬರುಗಳು ನೂರು ಕೂಡಿದಾಗ ಐದುನೂರು ಎಕರೆಯ ಒಂದು ಪಟ್ಟಿಯಾಗುತ್ತದೆ. ಒಂದು ಹಿಸ್ಸೆಯ ವಾದ ನ್ಯಾಯಾಲಯಕ್ಕೇರಿದರೂ ನಡುಮಧ್ಯದ ರಸ್ತೆ ಅಲ್ಲಿಗೇ ನಿಲ್ಲುತ್ತದೆ. ಶಾಲೆಗೆ ಭೂಮಿ ದಾನವಿತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನಸ್ಸು ಒಂದೇ ದಿನದಲ್ಲಿ ಕೊಡುತ್ತದೆ, ದಸ್ತಾವೇಜಿಗೆ ವರ್ಷ ಹಿಡಿಯುತ್ತದೆ.

ಎರಡನೆಯದು ನೆಲದ ಗುಣ. ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿಯ ಮಾರ್ಗದಲ್ಲಿ ಸಾಗಿದರೆ ಎರೆಯೂ ಮಡ್ಡಿಯೂ ಒಂದನ್ನೊಂದು ಹಿಂಬಾಲಿಸುತ್ತವೆ. ಎರೆಭೂಮಿ ಬಿಳಿಜೋಳದ ತವರು. ಆದರೆ ಅದು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣಾದುದರಿಂದ ಭಾರವಾದ ಕಟ್ಟಡಕ್ಕೂ ರಸ್ತೆಗೂ ಒಗ್ಗದು. ಕಪ್ಪು ಮಣ್ಣನ್ನು ಆಳದವರೆಗೆ ತೆಗೆದು ಗರಸು ತುಂಬಬೇಕು, ಇಲ್ಲವೆ ಅಡಿಪಾಯವನ್ನು ಗಟ್ಟಿನೆಲದವರೆಗೆ ಇಳಿಸಬೇಕು. ಮಡ್ಡಿಯಲ್ಲಾದರೋ ಮೊಳದ ಕೆಳಗೇ ಕಲ್ಲು ಸಿಗುತ್ತದೆ. ಬೆಳೆಗೆ ಬಡವಾದ ಮಡ್ಡಿಯೇ ಕಾರಖಾನೆಗೆ ಯೋಗ್ಯ. ಅನ್ನ ಕೊಡುವ ನೆಲವನ್ನು ಉಳಿಸಿ ಕಲ್ಲುನೆಲವನ್ನು ಆರಿಸಿದರೆ ರೈತನಿಗೂ ಹಿತ, ಅಡಿಪಾಯದ ವೆಚ್ಚವೂ ಕಡಿಮೆ. ಆದರೆ ಮಡ್ಡಿಯಲ್ಲಿ ಗಾಯರಾಣವೂ ಉಂಟು. ಕುರಿಗಾರರ ಬದುಕು ಅದನ್ನೇ ನಂಬಿದೆ. ಪಹಣಿಯಲ್ಲಿ ಹೆಸರಿಲ್ಲದ ಅವರಿಗೆ ಪರಿಹಾರದ ಚೆಕ್ಕು ಬಾರದು. ಯೋಜನೆಗಾರರು ಸಾಮಾನ್ಯವಾಗಿ ಮರೆಯುವುದು ಇವರನ್ನೇ.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಬರಗಾಲದಲ್ಲಿ ಟ್ಯಾಂಕರಿನ ನೀರು ತಂದು ದ್ರಾಕ್ಷಿ ಬಳ್ಳಿ ಉಳಿಸಿಕೊಂಡ ಸೀಮೆಯಿದು. ಎಂ. ಬಿ. ಪಾಟೀಲರು 2013ರಿಂದ 2018ರವರೆಗೆ ಜಲಸಂಪನ್ಮೂಲ ಸಚಿವರಾಗಿದ್ದಾಗ ಕೈಗೆತ್ತಿಕೊಂಡ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ಇತ್ತ ಏರಿತು. ಆ ನೀರು ಹೊಲಕ್ಕೆಂದು ತಂದದ್ದು. ಕಾರಖಾನೆಗೆ ಬೇಕಾದದ್ದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಬಳಸಿದ ನೀರನ್ನು ಶುದ್ಧಗೊಳಿಸಿ ಮರಳಿ ಬಳಸುವ ಏರ್ಪಾಡನ್ನು ಮೊದಲೇ ಮಾಡದಿದ್ದಲ್ಲಿ ಕಾಲುವೆಯ ಮೇಲೆಯೇ ಜಗಳ ಹುಟ್ಟುತ್ತದೆ.

ಜಿಲ್ಲೆಯ ಪೂರ್ವಾನುಭವವೂ ಉಂಟು. ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಎದ್ದಿತು. ಆದರೆ 2014ರ ಜುಲೈನಲ್ಲಿ ರೈತರ ಪ್ರತಿಭಟನೆ ಗೋಲಿಬಾರಿನವರೆಗೂ ಹೋಯಿತು. ಬಳ್ಳಾರಿಯ ಕುಡತಿನಿ ಸುತ್ತಮುತ್ತ ಉಕ್ಕಿನ ಕಾರಖಾನೆಗಳಿಗೆಂದು ಪಡೆದ ಸಾವಿರಾರು ಎಕರೆಗಳ ಕಥೆ ಇನ್ನೊಂದು ಬಗೆಯದು. ಅಲ್ಲಿ ಭೂಮಿ ಹೋಯಿತು, ಹೇಳಿದ ಕಾರಖಾನೆ ಬರಲಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ತರುವಾಯ 2025ರ ಜುಲೈನಲ್ಲಿ ಸರಕಾರವೇ ಕೈಬಿಟ್ಟಿತು.

ಹಾಗಾದರೆ ತಿಕೋಟಾಕ್ಕೆ ಎಂಥ ಉದ್ಯಮ? ಉತ್ತರ ಇಲ್ಲಿಯ ಶೆಡ್ಡುಗಳಲ್ಲಿಯೇ ಇದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಸುಮಾರು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಮಡ್ಡಿಯ ಮೇಲಿನ ಒಣಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಮಾಲಿನ ಬಹುಭಾಗ ತಾಸಗಾಂವ, ಸಾಂಗಲಿಗಳ ಪೇಟೆಗೆ ಹೋಗುತ್ತದೆ. ಅಲ್ಲಿಯ ದಲಾಲಿ, ಹಮಾಲಿ, ಶೀತಲಗೃಹದ ಬಾಡಿಗೆ ಅಲ್ಲಿಯೇ ಉಳಿಯುತ್ತವೆ. ತೊಳೆಯುವ, ವಿಂಗಡಿಸುವ, ಪೊಟ್ಟಣ ಕಟ್ಟುವ, ರಸ ತೆಗೆಯುವ ದೊಡ್ಡ ಘಟಕಗಳಿಗೆ ಮಡ್ಡಿಯಲ್ಲಿ ವಿದ್ಯುತ್ತು, ನೀರು, ಶೀತಲಗೃಹ ಸಹಿತ ಜಾಗ ಸಿದ್ಧವಿದ್ದರೆ ಅವು ಬರಲು ಕಾರಣವುಂಟು. ಹೆಣ್ಣುಮಕ್ಕಳಿಗೆ ಮನೆಯ ಸಮೀಪದಲ್ಲಿಯೇ ದುಡಿಮೆಯುಂಟು.

ಜಮೀನು ಬಿಟ್ಟವರ ಪಾಲೂ ಇದರಲ್ಲಿಯೇ ಸೇರಬೇಕು. ನಗದು ಪರಿಹಾರದ ಬದಲು, ಕಳೆದುಕೊಂಡ ಪ್ರತಿ ಎಕರೆಗೆ ಕಾಲುಭಾಗಕ್ಕೆ ಸಮೀಪದಷ್ಟು ಅಭಿವೃದ್ಧಿಪಡಿಸಿದ ನಿವೇಶನವನ್ನು ಪಡೆಯುವ ಆಯ್ಕೆಯನ್ನು ಮಂಡಳಿಯು ನೀಡುತ್ತ ಬಂದಿದೆ. ನಗದು ಮದುವೆ, ಮನೆ, ಮೋಟಾರು ಸೈಕಲ್ಲುಗಳಲ್ಲಿ ಕರಗುವುದನ್ನು ಕಂಡವರು ಈ ಆಯ್ಕೆಯನ್ನು ತೂಗಿ ನೋಡಬೇಕು. ಅದನ್ನು ತೂಗಲು ನಕಾಶೆ ಓದಬಲ್ಲವರು, ಅಧಿಸೂಚನೆಗೆ ಅವಧಿಯೊಳಗೆ ಆಕ್ಷೇಪಣೆ ಬರೆದುಕೊಡಬಲ್ಲವರು ಪ್ರತಿ ಹಳ್ಳಿಯಲ್ಲಿಯೂ ಬೇಕು. ನೋಟೀಸು ಬಂದ ಮೇಲೆ ವಕೀಲರನ್ನು ಹುಡುಕುತ್ತ ವಿಜಯಪುರಕ್ಕೆ ಓಡುವುದರೊಳಗೆ ಆ ಅವಧಿ ಮುಗಿದಿರುತ್ತದೆ.