ಮಗುವಿನ ಬಾಯಲ್ಲಿ ಕಂಪೆನಿಯ ಮಾತು

ನಿಮ್ಮ ಮನೆಯ ಐದು ವರ್ಷದ ಮಗುವಿಗೆ ಇನ್ನೂ ಅಕ್ಷರ ಕೂಡಿಸಿ ಓದಲು ಬಾರದಿರಬಹುದು. ಆದರೆ ಅಂಗಡಿಯ ಮುಂದೆ ತೂಗುವ ಪ್ಯಾಕೆಟುಗಳಲ್ಲಿ ಯಾವುದು ಯಾವುದೆಂದು ಬಣ್ಣ ನೋಡಿಯೇ ಹೇಳುತ್ತದೆ. ಯಾವುದರ ಒಳಗೆ ಸ್ಟಿಕ್ಕರ್ ಇದೆ, ಯಾವುದನ್ನು ಕುಡಿದರೆ ಬೇಗ ಉದ್ದವಾಗುತ್ತಾರೆ ಎಂಬುದೂ ಅದಕ್ಕೆ ಗೊತ್ತು. ಇದನ್ನೆಲ್ಲ ಕಲಿಸಿದವರು ನೀವಲ್ಲ, ಶಾಲೆಯ ಟೀಚರೂ ಅಲ್ಲ. ಕಲಿಸಿದ್ದು ಜಾಹೀರಾತು. ಕಂಪೆನಿ ನಿಮ್ಮ ಮನೆಗೆ ಮಾರಾಟಗಾರನನ್ನು ಕಳುಹಿಸಿದರೆ ನೀವು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸುತ್ತೀರಿ. ಆದರೆ ನಿಮ್ಮ ಮಗುವೇ ಮಾರಾಟಗಾರನಾಗಿ ಎದುರು ನಿಂತರೆ ಏನು ಮಾಡುತ್ತೀರಿ?

ಚಿಕಿತ್ಸಾಲಯಕ್ಕೆ ಬರುವ ತಾಯಂದಿರ ದೂರು ಹೆಚ್ಚಾಗಿ ಒಂದೇ ರೀತಿ ಇರುತ್ತದೆ: "ಡಾಕ್ಟ್ರೇ, ಊಟ ಮಾಡುವುದಿಲ್ಲ, ಮಲ ಗಟ್ಟಿ, ಬೇಗ ಸುಸ್ತಾಗುತ್ತಾನೆ. ಹಸಿವಾಗಲು ಒಂದು ಟಾನಿಕ್ ಕೊಡಿ." ಬೆಳಗ್ಗಿನಿಂದ ಏನೇನು ತಿಂದ ಎಂದು ಕೇಳಿದಾಗ ನಿಜ ಹೊರಬರುತ್ತದೆ. ಶಾಲೆಗೆ ಹೋಗುವಾಗ ಬಿಸ್ಕತ್ತು ಮತ್ತು ಚಾಕೊಲೇಟ್ ಪುಡಿ ಬೆರೆಸಿದ ಹಾಲು, ಶಾಲೆ ಬಿಟ್ಟ ಮೇಲೆ ಹತ್ತು ರೂಪಾಯಿಯ ಚಿಪ್ಸ್, ಮದ್ರಸಕ್ಕೆ ಹೋಗುವ ದಾರಿಯಲ್ಲಿ ಬಣ್ಣದ ಜ್ಯೂಸು. ಹಸಿವಿಗೆ ಜಾಗ ಎಲ್ಲಿ ಉಳಿಯಿತು?

ಮಗುವೇ ಏಕೆ ಗುರಿ?

ಟಿ.ವಿ.ಯಲ್ಲಿ ಜಾಹೀರಾತು ಬಂದಾಗ "ಇವನು ಮಾರಲು ಬಂದಿದ್ದಾನೆ" ಎಂದು ದೊಡ್ಡವರಿಗೆ ತಿಳಿಯುತ್ತದೆ. ಮಗುವಿಗೆ ಆ ಅರಿವು ಹುಟ್ಟಿನಿಂದ ಬರುವುದಿಲ್ಲ. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳು ಜಾಹೀರಾತಿನ ಹಿಂದಿನ ಉದ್ದೇಶವನ್ನು ಗ್ರಹಿಸಲಾರರು, ಕೇಳಿದ್ದನ್ನೆಲ್ಲ ನಿಜವೆಂದೇ ನಂಬುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ತಜ್ಞರ ತಂಡ 2004ರಲ್ಲೇ ವರದಿ ನೀಡಿತ್ತು. ಸ್ವೀಡನ್ ದೇಶವು 12 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ಟಿ.ವಿ. ಜಾಹೀರಾತನ್ನೂ, ಕೆನಡಾದ ಕ್ಯುಬೆಕ್ ಪ್ರಾಂತ್ಯವು 13 ವರ್ಷದೊಳಗಿನವರನ್ನು ಗುರಿಯಾಗಿಸಿದ ವಾಣಿಜ್ಯ ಜಾಹೀರಾತನ್ನೂ ನಿಷೇಧಿಸಿರುವುದು ಇದೇ ಕಾರಣಕ್ಕೆ.

2007ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಇನ್ನೂ ಸ್ಪಷ್ಟವಾಗಿದೆ. ಮೂರರಿಂದ ಐದು ವರ್ಷದ 63 ಮಕ್ಕಳಿಗೆ ಒಂದೇ ತಿಂಡಿಯನ್ನು ಎರಡು ಬಗೆಯಲ್ಲಿ ಕೊಟ್ಟರು. ಒಂದು ಮೆಕ್‌ಡೊನಾಲ್ಡ್ಸ್ ಗುರುತಿನ ಕಾಗದದಲ್ಲಿ, ಇನ್ನೊಂದು ಗುರುತಿಲ್ಲದ ಕಾಗದದಲ್ಲಿ. ಗುರುತು ಇರುವುದೇ ಹೆಚ್ಚು ರುಚಿ ಎಂದ ಮಕ್ಕಳೇ ಹೆಚ್ಚು. ಆ ಕಂಪೆನಿ ಮಾರದಿದ್ದ ಕ್ಯಾರೆಟ್ ಕೂಡ ಆ ಕಾಗದದಲ್ಲಿ ಇಟ್ಟಾಗ ಅವರಿಗೆ ಹೆಚ್ಚು ರುಚಿಸಿತು. ಅಂದರೆ ಜಾಹೀರಾತು ಮಗುವಿನ ಆಸೆಯನ್ನು ಮಾತ್ರ ಬದಲಿಸುವುದಿಲ್ಲ, ನಾಲಿಗೆಯ ರುಚಿಯನ್ನೇ ಬದಲಿಸುತ್ತದೆ.

ಶಾಲೆಯ ಗೇಟಿನ ಒಳಗೆ

ಮನೆಯ ಟಿ.ವಿ.ಯನ್ನು ಆರಿಸಬಹುದು. ಶಾಲೆಯಲ್ಲಿ ಅದು ಸಾಧ್ಯವಿಲ್ಲ. ಕಂಪೆನಿಯ ಹೆಸರಿರುವ ವೇಳಾಪಟ್ಟಿ, ಪುಸ್ತಕಕ್ಕೆ ಅಂಟಿಸುವ ಲೇಬಲ್, ಕ್ರೀಡಾಕೂಟದ ಬ್ಯಾನರ್, ಚಿತ್ರಕಲಾ ಸ್ಪರ್ಧೆಯ ಬಹುಮಾನ, "ಆರೋಗ್ಯ ಶಿಬಿರ"ದ ಕೊನೆಯಲ್ಲಿ ಕೈಗೆ ಕೊಡುವ ಪುಟ್ಟ ಸ್ಯಾಂಪಲ್ ಎಲ್ಲವೂ ಜಾಹೀರಾತೇ. ಮಗುವಿಗೆ ಟೀಚರ್ ಹೇಳಿದ್ದೇ ವೇದವಾಕ್ಯ. ಟೀಚರ ಕೈಯಿಂದ ಬಂದ ವಸ್ತುವಿನ ಮೇಲೂ ಅದೇ ನಂಬಿಕೆ. ಕಂಪೆನಿ ಹಣ ಕೊಟ್ಟು ಕೊಳ್ಳುವುದು ಗೋಡೆಯ ಜಾಗವನ್ನಲ್ಲ, ಈ ನಂಬಿಕೆಯನ್ನು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ಶಾಲಾ ಮಕ್ಕಳ ಆಹಾರದ ಬಗ್ಗೆ ನಿಯಮ ಹೊರಡಿಸಿತು. ಕೊಬ್ಬು, ಉಪ್ಪು ಅಥವಾ ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ, ಜಾಹೀರಾತು ಮಾಡುವಂತಿಲ್ಲ, ಉಚಿತವಾಗಿ ಹಂಚುವಂತೆಯೂ ಇಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯ ಪ್ರಕಾರ ಚಿಪ್ಸ್, ಸೋಡಾ ಪಾನೀಯದಂತಹವುಗಳನ್ನು ಮಕ್ಕಳ ಕಾರ್ಯಕ್ರಮದ ನಡುವೆ ಅಥವಾ ಮಕ್ಕಳ ಚಾನೆಲಿನಲ್ಲಿ ಪ್ರಚಾರ ಮಾಡಬಾರದು. ಸರಿಯಾದ ವೈಜ್ಞಾನಿಕ ಆಧಾರವಿಲ್ಲದೆ "ಬುದ್ಧಿ ಹೆಚ್ಚುತ್ತದೆ, ಶಕ್ತಿ ಹೆಚ್ಚುತ್ತದೆ" ಎಂದು ಹೇಳಲೂ ಬಾರದು. ನಿಮ್ಮ ಮಗುವಿನ ಶಾಲೆಯ ಗೇಟಿನಿಂದ 50 ಹೆಜ್ಜೆ ನಡೆದು ನೋಡಿ. ಕಾನೂನು ಎಲ್ಲಿಯವರೆಗೆ ತಲುಪಿದೆ ಎಂಬುದು ನಿಮಗೇ ಗೊತ್ತಾಗುತ್ತದೆ.

ದೇಹ ತೆರುವ ಬೆಲೆ

ಯುನಾನಿ ವೈದ್ಯಪದ್ಧತಿಯಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಆಧಾರಗಳಿವೆ. ಇವನ್ನು ಅಸ್ಬಾಬೆ ಸಿತ್ತ ಝರೂರಿಯ್ಯ ಎನ್ನುತ್ತೇವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೋಗಬೇಕಾದದ್ದು ಹೋಗುವುದು. ಮೊಬೈಲಿನ ಮುಂದೆ ಕುಳಿತು ಜಾಹೀರಾತು ನೋಡಿ ಅದನ್ನೇ ತಿನ್ನುವ ಮಗುವಿನಲ್ಲಿ ಗಾಳಿಯೊಂದನ್ನು ಬಿಟ್ಟು ಉಳಿದ ಐದೂ ಕೆಡುತ್ತವೆ. ಆಟ ಇಲ್ಲ, ನಿದ್ದೆ ತಡ, ಮನಸ್ಸು ಚಂಚಲ, ಹೊಟ್ಟೆ ಕಟ್ಟುತ್ತದೆ.

ಸಕ್ಕರೆಯ ಲೆಕ್ಕ ನೋಡೋಣ. ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 1500 ಕ್ಯಾಲೊರಿ ಬೇಕಾಗುವ ಮಗುವಿಗೆ ಶೇ. 5 ಎಂದರೆ ಸುಮಾರು 19 ಗ್ರಾಂ, ನಾಲ್ಕು ಚಮಚಕ್ಕಿಂತ ತುಸು ಹೆಚ್ಚು. 250 ಮಿ.ಲೀ. ಕೋಲಾ ಬಾಟಲಿಯೊಂದರಲ್ಲೇ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಮಧುಮೇಹದ ಮೊದಲ ಮೆಟ್ಟಿಲಲ್ಲಿ ಇರುವುದು ಕಂಡುಬಂತು. "ಸಕ್ಕರೆ ಕಾಯಿಲೆ ಅಜ್ಜಂದಿರಿಗೆ" ಎಂಬ ಕಾಲ ಹೋಯಿತು.

ಅದೇ ದೇಶದಲ್ಲಿ ರಕ್ತಹೀನತೆಯೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತ ಕಡಿಮೆ. ಹೊಟ್ಟೆ ತುಂಬಿದ ಮಗುವಿಗೂ ರಕ್ತ ಏಕೆ ಕಡಿಮೆಯಾಗುತ್ತದೆ? ಊಟಕ್ಕೆ ಮೊದಲು ಸಿಹಿ, ಚಿಪ್ಸ್ ತಿಂದ ಮಗು ಮೊಟ್ಟೆ, ಮೀನು, ಬೇಳೆ, ಸೊಪ್ಪನ್ನು ತಟ್ಟೆಯಲ್ಲೇ ಬಿಡುತ್ತದೆ. ಕಬ್ಬಿಣಾಂಶ ಇರುವುದು ಆ ತಟ್ಟೆಯಲ್ಲಿ. ಊಟದ ಜೊತೆಗೇ ಚಹಾ ಅಥವಾ ಕೋಕೋ ಕುಡಿದರೆ ತಿಂದದ್ದರಲ್ಲಿರುವ ಕಬ್ಬಿಣವನ್ನೂ ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಈಗ "ಹೆಲ್ತ್ ಡ್ರಿಂಕ್" ಮಾತು. ಭಾರತದ ಆಹಾರ ಸುರಕ್ಷತಾ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಎಂಬ ವರ್ಗವೇ ಇಲ್ಲ. ಬೋರ್ನ್‌ವಿಟಾ ಸೇರಿದಂತೆ ಇಂತಹ ಪಾನೀಯಗಳನ್ನು ಆ ಹೆಸರಿನ ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ಕಂಪೆನಿಗಳಿಗೆ ಸೂಚಿಸಿತು. ಇಷ್ಟು ವರ್ಷ ಅದನ್ನು ಆರೋಗ್ಯವೆಂದೇ ನಂಬಿ, ಮನೆಖರ್ಚಿನಲ್ಲಿ ಉಳಿಸಿ ಕೊಂಡ ತಾಯಂದಿರು ಎಷ್ಟು ಮಂದಿ! ಡಬ್ಬಿಯ ಹಿಂಬದಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಕ್ಕರೆ ಎರಡನೆಯ, ಮೂರನೆಯ ಸ್ಥಾನದಲ್ಲೇ ಇದ್ದರೆ ನೀವು ಕೊಳ್ಳುತ್ತಿರುವುದು ಸಿಹಿತಿಂಡಿ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಎಂಬ ಹೆಸರುಗಳೂ ಸಕ್ಕರೆಯವೇ.

ಸ್ವಚ್ಛತೆಯ ಹೆಸರಿನಲ್ಲಿ

ತಿನಿಸು ಮಾತ್ರವಲ್ಲ. ಟೂತ್‌ಪೇಸ್ಟ್ ಜಾಹೀರಾತಿನಲ್ಲಿ ಬ್ರಷ್ಷಿನ ಈ ತುದಿಯಿಂದ ಆ ತುದಿಯವರೆಗೆ ಅಲೆಯಂತೆ ಪೇಸ್ಟ್ ಹಾಕುವುದನ್ನು ನೋಡಿದ್ದೀರಿ. ಮಕ್ಕಳು ಹಾಗೆಯೇ ಹಾಕಿಕೊಳ್ಳುತ್ತಾರೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಸಾಕು. ಚಿಕ್ಕ ಮಕ್ಕಳು ಉಗುಳುವುದಕ್ಕಿಂತ ನುಂಗುವುದೇ ಹೆಚ್ಚು. ಹೀಗೆ ಫ್ಲೋರೈಡ್ ಅತಿಯಾದರೆ ಮುಂದೆ ಬರುವ ಹಲ್ಲುಗಳಲ್ಲಿ ಬಿಳಿ ಕಲೆ ಬೀಳುತ್ತದೆ. ಕೋಲಾರ, ಪಾವಗಡದ ಕಡೆಗಳಂತೆ ನೀರಿನಲ್ಲೇ ಫ್ಲೋರೈಡ್ ಇರುವಲ್ಲಿ ಇನ್ನೂ ಎಚ್ಚರ ಬೇಕು.

ಸೋಪಿನ ಜಾಹೀರಾತು ಮಗುವಿನ ಮನಸ್ಸಿನಲ್ಲಿ ಕೀಟಾಣುವಿನ ಭಯ ಬಿತ್ತಿ ದುಬಾರಿ ಸೋಪನ್ನು ಮಾರುತ್ತದೆ. ಸಾದಾ ಸೋಪಿಗಿಂತ ಇವು ಮೇಲು ಎಂಬುದನ್ನು ತಯಾರಕರು ಸಾಬೀತುಪಡಿಸದ ಕಾರಣ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಇಂತಹ ಸೋಪುಗಳಿಂದ ಹೊರಗಿಟ್ಟಿತು. ಸಾದಾ ಸೋಪು, ಹರಿಯುವ ನೀರು, 20 ಸೆಕೆಂಡಿನ ಉಜ್ಜುವಿಕೆ ಸಾಕು. ದಿನಕ್ಕೆ ಐದು ಬಾರಿ ವುಝೂ ಮಾಡುವ ಮನೆಯ ಮಗುವಿಗೆ ಸ್ವಚ್ಛತೆಯನ್ನು ಕಲಿಸಲು ಸಿನಿಮಾ ನಟ ಬೇಕಿಲ್ಲ.

ನಮ್ಮ ವೃತ್ತಿಯವರ ಹೆಸರಿನಲ್ಲೂ ಜಾಹೀರಾತು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ "ನೆನಪಿನ ಶಕ್ತಿಗೆ", "ಎತ್ತರ ಹೆಚ್ಚಿಸಲು" ಎಂದು ಯುನಾನಿ, ಆಯುರ್ವೇದದ ಹೆಸರಿನ ಡಬ್ಬಿಗಳು ಮನೆಗೆ ಬರುತ್ತವೆ. ಎತ್ತರ ಹೆಚ್ಚಿಸುವ ಔಷಧ ಎಂದು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ ನಿಷೇಧಿಸಿದೆ. ವೈದ್ಯರು ಮಗುವಿನ ನಾಡಿ, ಮಿಝಾಜ್ ನೋಡದೆ ಬರೆದ ಮದ್ದು ಮದ್ದಲ್ಲ. ಹಾಗೆಯೇ ಶಾಲೆಯ ಬಳಿ ಸಿಗುವ ಸಿಹಿ ಸುಪಾರಿ ಪೊಟ್ಟಣವೂ ಮಿಠಾಯಿಯಲ್ಲ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಅಭ್ಯಾಸವಾದರೆ ಬಾಯಿ ತೆರೆಯಲಾಗದಂತೆ ಒಳಚರ್ಮ ಬಿಗಿಯುತ್ತದೆ.

ಹಲಾಲ್ ಮಾತ್ರ ಸಾಕೇ?

ಪೊಟ್ಟಣದ ಮೇಲೆ ಹಲಾಲ್ ಮುದ್ರೆ ಇದ್ದರೆ ನಾವು ನಿಶ್ಚಿಂತರಾಗುತ್ತೇವೆ. ಆದರೆ ಪವಿತ್ರ ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಜೊತೆಗೆ ತಯ್ಯಿಬ್ ಎಂಬ ಮಾತನ್ನೂ ಸೇರಿಸುತ್ತದೆ (ಅಲ್‌ಬಕರ: 168). ಶುದ್ಧ, ಉತ್ತಮ, ದೇಹಕ್ಕೆ ಹಿತ ಎಂಬುದು ಅದರ ಅರ್ಥ. ಹಂದಿಕೊಬ್ಬು ಇಲ್ಲ ಎಂದಾಕ್ಷಣ ಸಕ್ಕರೆ, ಉಪ್ಪು, ಎಣ್ಣೆ ತುಂಬಿದ ಪೊಟ್ಟಣ ತಯ್ಯಿಬ್ ಆಗುವುದಿಲ್ಲ. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಇನ್ನೊಂದು ಉಸಿರಿಗೆ ಎಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ರಮಝಾನ್‌ನಲ್ಲಿ ಖರ್ಜೂರದ ಪಕ್ಕ ಜಾಹೀರಾತಿನ ಬಣ್ಣದ ಬಾಟಲಿಯನ್ನೂ ಇಡುತ್ತೇವೆ. ಮಗು ಕಲಿಯುವುದು ಬಾಯಿಪಾಠದಿಂದಲ್ಲ, ನಾವು ಹಾಸಿದ ಸುಪ್ರದಿಂದ.

ನೀವು ಮಾಡಬಹುದಾದದ್ದು

ದಿನಕ್ಕೆ ಹತ್ತು ರೂಪಾಯಿಯ ಪೊಟ್ಟಣ ಎಂದರೆ ಶಾಲೆಯ 220 ದಿನಕ್ಕೆ 2,200 ರೂಪಾಯಿ, ಇಬ್ಬರು ಮಕ್ಕಳಿದ್ದರೆ 4,400. ಈ ಲೆಕ್ಕವನ್ನು ಮಗುವಿನ ಜೊತೆ ಕುಳಿತೇ ಮಾಡಿ. ಅದೇ ಹಣದಲ್ಲಿ ಹುರಿಗಡಲೆ, ನೆಲಗಡಲೆ, ಬಾಳೆಹಣ್ಣು, ಮೊಟ್ಟೆ, ಖರ್ಜೂರ ಬರುತ್ತದೆ. ರಾಗಿ ಮಾಲ್ಟಿಗೆ ತುಸು ಬೆಲ್ಲ ಸಾಕು. ಕರಾವಳಿಯವರಿಗೆ ಬೂತಾಯಿಗಿಂತ ಒಳ್ಳೆಯ ಟಾನಿಕ್ ಬೇಕಿಲ್ಲ. ಊಟ, ತಿಂಡಿಗೆ ಒಂದು ಗಂಟೆ ಮೊದಲು ಬೇರೇನೂ ಕೊಡಬೇಡಿ.

ಒಮ್ಮೆಲೇ ಎಲ್ಲವನ್ನೂ ನಿಲ್ಲಿಸಿದರೆ ಮಗು ಕದ್ದು ತಿನ್ನಲು ಕಲಿಯುತ್ತದೆ. ವಾರಕ್ಕೊಂದು ದಿನ ಗೊತ್ತು ಮಾಡಿ. ಓದಿದ್ದಕ್ಕೆ, ಸೂರ ಕಲಿತದ್ದಕ್ಕೆ ಚಾಕೊಲೇಟನ್ನು ಬಹುಮಾನವಾಗಿ ಕೊಡಬೇಡಿ. ಜಾಹೀರಾತು ಬಂದಾಗ "ಇವರು ಏನು ಮಾರುತ್ತಿದ್ದಾರೆ? ಏನನ್ನು ಹೇಳದೆ ಬಿಟ್ಟರು?" ಎಂದು ಕೇಳುವ ಆಟ ಆಡಿ. ಎಂಟು ವರ್ಷ ದಾಟಿದ ಮಕ್ಕಳು ಇದರಲ್ಲಿ ನಮ್ಮನ್ನೇ ಸೋಲಿಸುತ್ತಾರೆ.

ಶಾಲೆಯ ಪಾಲಕರ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಕ್ಯಾಂಟೀನಿನಲ್ಲಿ ಏನು ಮಾರುತ್ತೀರಿ? ಯಾವ ಕಂಪೆನಿಗೆ ಒಳಗೆ ಬರಲು ಅನುಮತಿ ಕೊಟ್ಟಿದ್ದೀರಿ? ಸ್ಯಾಂಪಲ್ ಹಂಚುವ ಮೊದಲು ನಮಗೆ ತಿಳಿಸುತ್ತೀರಾ? 2025ರ ಮೇ ತಿಂಗಳಲ್ಲಿ ಸಿ.ಬಿ.ಎಸ್.ಇ. ತನ್ನ ಶಾಲೆಗಳಿಗೆ "ಸಕ್ಕರೆ ಫಲಕ" ಹಾಕಲು ಹೇಳಿದೆ. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಎಂಬುದನ್ನು ಮಕ್ಕಳಿಗೆ ತೋರಿಸುವ ಫಲಕ ಅದು. ಅಂಥದ್ದೊಂದನ್ನು ನಿಮ್ಮ ಶಾಲೆಯಲ್ಲೂ ಮದ್ರಸದಲ್ಲೂ ಹಾಕಲು ಯಾರ ಅನುಮತಿಯೂ ಬೇಡ, ಒಂದು ಕಪ್ಪು ಹಲಗೆ ಸಾಕು. ತಪ್ಪು ದಾರಿಗೆಳೆಯುವ ಜಾಹೀರಾತು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಮಾಅತಿನ ಹಿರಿಯರು ಮದ್ರಸದ ಪಕ್ಕದ ಅಂಗಡಿಯವರೊಂದಿಗೆ ಮಾತಾಡಿದರೆ ಅವರೂ ಕೇಳುತ್ತಾರೆ, ಅವರ ಮಕ್ಕಳೂ ಅಲ್ಲೇ ಕಲಿಯುವವರು.

ಮಕ್ಕಳು ಅಲ್ಲಾಹನು ನಮಗೆ ಕೊಟ್ಟ ಅಮಾನತ್. ಅವರ ನಾಲಿಗೆಗೆ ಮೊದಲ ರುಚಿ ಕಲಿಸುವ ಹಕ್ಕು ತಂದೆ ತಾಯಿಯದು. ಈ ವಾರ ನಿಮ್ಮ ಅಡುಗೆಮನೆಯ ಒಂದು ಡಬ್ಬಿಯ ಹಿಂಬದಿಯನ್ನು ಮಗುವಿನಿಂದಲೇ ಓದಿಸಿ.